ಅಕ್ಯೂಟ್ 'ತೀವ್ರ'ವಾದರೆ ಸಿವಿಯರ್ ಏನು? (ನಾಳೆ ಮಧ್ಯಾಹ್ನದೊಳಗೆ ಬೇಕು)

ಗೆಳೆಯರೆ,

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೊದಲ ವರ್ಷದವರಿಗೆ ಪಾಠ ಮಾಡುತ್ತೇನೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯರೇ ಹೆಚ್ಚು. ಅವರಿಗಾಗಿ ಎರಡು ಪುಟದ ಪದಪಟ್ಟಿ ಮಾಡಿದ್ದೇನೆ. ಡಿಟಿಪಿಯವರು ನಾಳೆ ಮಧ್ಯಾಹ್ನದವರೆಗೆ ಮಾತ್ರ ಕಾಯುತ್ತಾರೆ.

ಪ್ರತ್ಯಯಗಳು ಕಷ್ಟ ಕೊಡಲಿಲ್ಲ. 'ಐಟಿಸ್' ಬಂದರೆ ಉರಿಯೂತ, 'ಎಕ್ಟಮಿ' ಬಂದರೆ ಕತ್ತರಿಸಿ ತೆಗೆದದ್ದು, 'ಆಟಮಿ' ಬಂದರೆ ಬರೀ ಕೊಯ್ದದ್ದು, 'ಆಸ್ಟಮಿ' ಬಂದರೆ ಬಾಯಿ ಮಾಡಿದ್ದು. ಕೊಲೆಕ್ಟಮಿ, ಕೊಲಾಸ್ಟಮಿ ಎರಡನ್ನೂ ಬೋರ್ಡಿನ ಮೇಲೆ ಒಡೆದು ಬರೆದರೆ, ದೊಡ್ಡ ಕರುಳು ಹೋಯಿತೋ ಹೊಟ್ಟೆಯ ಮೇಲೆ ಅದಕ್ಕೆ ಬಾಯಿ ಬಂತೋ ಅವರೇ ಹೇಳುತ್ತಾರೆ.

ಸಿಕ್ಕಿಬಿದ್ದಿರುವುದು ಅಕ್ಯೂಟ್‌ನಲ್ಲಿ. ಎಲ್ಲಿ ನೋಡಿದರೂ 'ತೀವ್ರ'. ಸಿವಿಯರ್‌ಗೂ 'ತೀವ್ರ'. ಅಕ್ಯೂಟ್ ಕಾಲದ ಮಾತು, ಇದ್ದಕ್ಕಿದ್ದಂತೆ ಬಂದದ್ದು; ಸಿವಿಯರ್ ಜೋರಿನ ಮಾತು. ಮಾಮೂಲಿ ನೆಗಡಿಯೂ ಅಕ್ಯೂಟೇ. ಹೋದ ತಿಂಗಳು ವಾರ್ಡಿನಲ್ಲಿ ಕೇಸ್‌ಶೀಟಿನ ಮೇಲೆ 'ಅಕ್ಯೂಟ್ ಗ್ಯಾಸ್ಟ್ರೈಟಿಸ್' ಎಂದಿತ್ತು. ನಮ್ಮ ಹುಡುಗಿ ರೋಗಿಯ ತಾಯಿಗೆ "ನಿಮ್ಮ ಮಗನಿಗೆ ತೀವ್ರವಾದ ಜಠರದ ಉರಿಯೂತ ಆಗಿದೆ" ಎಂದಳು. ಮಗ ಮಂಚದ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದ. ತಾಯಿ ಸೆರಗು ಬಾಯಿಗಿಟ್ಟುಕೊಂಡು ಅಳಲು ಶುರು ಮಾಡಿದರು.

ಇನ್ನೂ ಒಂದಿದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿಗೆ ಅಳತೆಪಟ್ಟಿ ಸುತ್ತಿದಾಗ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ಸಿವಿಯರ್ ಅಕ್ಯೂಟ್ ಮಾಲ್‌ನ್ಯೂಟ್ರಿಷನ್, ಮೊದಲಕ್ಷರಗಳಲ್ಲಿ ಸ್ಯಾಮ್. 'ತೀವ್ರ ತೀವ್ರ ಅಪೌಷ್ಟಿಕತೆ' ಎನ್ನಲೇ? ಅಂಗನವಾಡಿಯವರು ಜಾಣರು, 'ಸ್ಯಾಮ್ ಮಗು' ಎಂದು ಮುಗಿಸುತ್ತಾರೆ.

ಅಕ್ಯೂಟ್‌ಗೆ, ಕ್ರಾನಿಕ್‌ಗೆ (ಬಹುಕಾಲದ ಕಾಯಿಲೆಗೆ) ಜೋಡಿಯಾಗುವಂಥ ಒಂದು ಪದ ಕೊಡಿ.

— ಗಿ.ಹೆ.

———

ಸಂಸ್ಕೃತಕ್ಕೆ ಜೋತುಬಿದ್ದರೆ ಆಗುವುದೇ ಹೀಗೆ. ಹೊಸಬೇನೆ, ಹಳೆಬೇನೆ. ಮುಗಿಯಿತು.

ನಿಮ್ಮ ಪಟ್ಟಿಯಲ್ಲಿರುವ 'ಉರಿಯೂತ'ವನ್ನೇ ನೋಡಿ. ಪ್ರಾಚೀನ ರೋಮಿನಲ್ಲಿ ವೈದ್ಯಗ್ರಂಥ ಬರೆದ ಸೆಲ್ಸಸ್ ಹೇಳಿದ ಗುರುತುಗಳು ನಾಲ್ಕು: ಕೆಂಪು, ಊತ, ಬಿಸಿ, ನೋವು. ಅದರಲ್ಲಿ ಎರಡು ನಮ್ಮ ಒಂದೇ ಪದದೊಳಗೆ ಕೂತಿವೆ. ನಾಯಿಕೆಮ್ಮು, ಗಂಟಲುಮಾರಿ, ಮಂಗನಬಾವು ಇವನ್ನು ಕಟ್ಟಿದವರು ಯಾವ ಸಮಿತಿಯವರೂ ಅಲ್ಲ. 'ಜಠರ' ಯಾಕೆ ಬೇಕು? ಹೊಟ್ಟೆಯುರಿಯೂತ ಎನ್ನಿ.

— ನಾ.ಕ.

———

ಹೊಟ್ಟೆಯುರಿಯೂತ! ಪಕ್ಕದ ಮನೆಯವರು ಕಾರು ಕೊಂಡಾಗ ಬರುವ ಕಾಯಿಲೆ ಅದು.

ಮತ್ತೆ, ನಾ.ಕ. ಅವರೇ, 'ಬೇನೆ' ನಿಮ್ಮ ಅಚ್ಚಗನ್ನಡ ಅಂದುಕೊಂಡಿದ್ದೀರಾ? ವೇದನೆಯ ತದ್ಭವ ಅದು. ಹೆರಿಗೆ ವಾರ್ಡಿಗೆ ಹೋಗಿ 'ಹೊಸಬೇನೆ' ಎನ್ನಿ, ನಿಮ್ಮನ್ನು ಆಚೆ ತಳ್ಳಿ ಬಿಸಿನೀರು ತರಲು ಓಡುತ್ತಾರೆ.

ಪದ ಹೊಸದಾಗಿ ಕಟ್ಟುವ ಅಗತ್ಯವೇ ಇಲ್ಲ. ಆಯುರ್ವೇದದಲ್ಲಿ ನವಜ್ವರ, ಜೀರ್ಣಜ್ವರ ಎಂಬ ಜೋಡಿ ಮೊದಲಿಂದ ಇದೆ. ಅದು ಬೇಡವಾದರೆ ಆಶುಕಾರಿ, ಚಿರಕಾರಿ. ಆಶುಕವಿ, ಆಶುಭಾಷಣ ಗೊತ್ತಿರುವವರಿಗೆ ಆಶು ಯಾಕೆ ಕಷ್ಟ?

— ಶ್ರೀ.ಭ.

———

ಜೀರ್ಣ ಗ್ಯಾಸ್ಟ್ರೈಟಿಸ್ ಎಂದರೆ ತಿಂದದ್ದು ಅರಗಿತೋ ಇಲ್ಲವೋ?

— ನಾ.ಕ.

———

ಊರ ಗುಡಿಯ ಜೀರ್ಣೋದ್ಧಾರಕ್ಕೆ ಚಂದಾ ಕೊಡುವಾಗ ಈ ಅನುಮಾನ ಬಂದಿರಲಿಲ್ಲವೇ?

— ಶ್ರೀ.ಭ.

———

ಇಬ್ಬರೂ ಸ್ವಲ್ಪ ಸುಮ್ಮನಿದ್ದರೆ ಉಪಕಾರ. ಆ ಹುಡುಗಿಯರು ಕೇಸ್‌ಶೀಟ್ ಓದುವುದು ಇಂಗ್ಲಿಷಿನಲ್ಲಿ, ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲಿ, ರಾತ್ರಿ ಪಾಳಿಯವರಿಗೆ ಒಪ್ಪಿಸುವುದೂ ಅದರಲ್ಲೇ. 'ಆಶುಕಾರಿ' ಕಲಿತರೆ ಮೂರನೆಯ ಭಾಷೆಯೊಂದನ್ನು ಕಲಿತಂತೆ. 2022ರಲ್ಲಿ ಮಧ್ಯಪ್ರದೇಶದಲ್ಲಿ ಎಂಬಿಬಿಎಸ್‌ಗೆ ಹಿಂದಿ ಪುಸ್ತಕ ತಂದಾಗ ಎಷ್ಟೋ ಪದಗಳನ್ನು ನಾಗರಿ ಲಿಪಿಯಲ್ಲಿ ಹಾಗೇ ಉಳಿಸಿಕೊಂಡರು. ಅಕ್ಯೂಟ್ ಎಂದು ಕನ್ನಡದಲ್ಲಿ ಬರೆದು ಪಕ್ಕದಲ್ಲಿ ಅರ್ಥ ಹೇಳಿ. ಇಂಗ್ಲಿಷಿನವರಾದರೂ ಲ್ಯಾಟಿನ್ನಿನ 'ಚೂಪು' ಎಂಬ ಪದವನ್ನು ಎತ್ತಿಕೊಂಡು ಬಂದವರೇ.

ಅನುವಾದದ ಹಟಕ್ಕೆ ಬಿದ್ದರೆ ಏನಾಗುತ್ತದೆ ಎಂದು ಕೋವಿಡ್ ಕಾಲದಲ್ಲಿ ಕಂಡಿದ್ದೇವೆ. ಐಎಲ್‌ಐ ಅನ್ನು, ಅಂದರೆ ಫ್ಲೂ ತರಹದ ಕಾಯಿಲೆಯನ್ನು, 'ವಿಷಮಶೀತ ಜ್ವರ' ಎಂದರು. ನಮ್ಮಲ್ಲಿ ಅದು ಟೈಫಾಯ್ಡ್‌ನ ಹೆಸರು.

ಗಿ.ಹೆ. ಮೇಡಂ, ಅಪೌಷ್ಟಿಕತೆಗೆ ಇಷ್ಟು ಹೇಳಿಕೊಡಿ ಸಾಕು: ಎತ್ತರಕ್ಕೆ ತಕ್ಕ ತೂಕ ಇಲ್ಲದಿದ್ದರೆ ಅಕ್ಯೂಟ್, ವಯಸ್ಸಿಗೆ ತಕ್ಕ ಎತ್ತರ ಇಲ್ಲದಿದ್ದರೆ ಕ್ರಾನಿಕ್. ಎಷ್ಟು ಕಡಿಮೆ ಎನ್ನುವುದರ ಮೇಲೆ ಮಾಡರೇಟೋ ಸಿವಿಯರೋ. ಪದಕ್ಕಿಂತ ಮೊದಲು ಇದು ತಲೆಗೆ ಹೋಗಬೇಕು.

— ವ., ವೈದ್ಯ

———

ಡಾಕ್ಟರೇ, ಜರ್ಮನರು ಅಪೆಂಡಿಸೈಟಿಸ್‌ಗೆ 'ಕುರುಡುಗರುಳಿನ ಉರಿ' ಎಂಬ ಅರ್ಥದ ತಮ್ಮದೇ ಪದ ಇಟ್ಟುಕೊಂಡಿದ್ದಾರೆ. ಶ್ವಾಸಕೋಶದ ಉರಿ ಎಂದರೆ ನ್ಯುಮೋನಿಯಾ. ಅವರ ಆಸ್ಪತ್ರೆಗಳೇನೂ ಮುಚ್ಚಿಲ್ಲ. ನಮಗೆ ಮಾತ್ರ ಎಲ್ಲದಕ್ಕೂ ಕಡ ಬೇಕು.

— ನಾ.ಕ.

———

ರೋಗಿಯ ಹತ್ತಿರ ಹಾಗೆನ್ನುತ್ತಾರೆ. ವೈದ್ಯರು ತಮ್ಮೊಳಗೆ ಅಪೆಂಡಿಸಿಟಿಸ್ ಎಂದೇ ಬರೆದುಕೊಳ್ಳುತ್ತಾರೆ. ಎರಡೂ ಇಟ್ಟುಕೊಂಡಿದ್ದಾರೆ, ಹೊಡೆದಾಡುತ್ತಿಲ್ಲ.

— ವ.

———

ಎಲ್ಲರಿಗೂ ವಂದನೆ. ಡಿಟಿಪಿಗೆ ಕೊಟ್ಟು ಬಂದೆ.

ಬೆಳಗ್ಗೆ ತರಗತಿಯಲ್ಲಿ ನಿಮ್ಮ ಪದಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು, ಯಾವುದನ್ನು ಮನೆಯಲ್ಲಿ ಅಜ್ಜಿಗೆ ಹೇಳುತ್ತೀರಿ ಎಂದು ಕೇಳಿದೆ. 'ಆಶುಕಾರಿ' ಕಂಡು ಹಿಂದಿನ ಬೆಂಚಿನವರು ನಕ್ಕರು. 'ದಿಢೀರ್' ಆದೀತೇ ಎಂದು ನಾನೇ ಕೇಳಿದ್ದಕ್ಕೆ ದೋಸೆ ಹಿಟ್ಟು ನೆನಪಾಗುತ್ತದೆ ಎಂದರು. ರಾಣೆಬೆನ್ನೂರು ಕಡೆಯ ಒಬ್ಬಳು, "ಮೇಡಂ, ನಮ್ಮ ಕಡೆ ಏಕಾಏಕಿ ಬಂತ್ರೀ ಅಂತೀವಿ, ಬಾಳ ದಿನದ್ದು ಅಂತೀವಿ" ಎಂದಳು. ಉಳಿದವರೂ ತಲೆಯಾಡಿಸಿದರು.

ಹಾಗಾಗಿ ಪಟ್ಟಿಯನ್ನು ಮೂರು ಕಾಲಂ ಮಾಡಿದೆ: ಕೇಸ್‌ಶೀಟಿನ ಪದ, ಅದರ ಅರ್ಥ, ರೋಗಿಗೆ ಹೇಳುವ ಮಾತು. ಅಕ್ಯೂಟ್‌ಗೆ 'ಏಕಾಏಕಿ ಬಂದದ್ದು', ಕ್ರಾನಿಕ್‌ಗೆ 'ಬಹಳ ದಿನದ್ದು', ಸಿವಿಯರ್‌ಗೆ ಮಾತ್ರ 'ತೀವ್ರ'. ಸ್ಯಾಮ್ ಮಗುವನ್ನು ಸ್ಯಾಮ್ ಮಗುವೆಂದೇ ಬಿಟ್ಟೆ, ತಿಂಗಳುಗಟ್ಟಲೆ ಸೊರಗಿದ ಮಗುವಿಗೆ 'ಏಕಾಏಕಿ' ಹೊಂದುವುದಿಲ್ಲ. ನಾ.ಕ. ಅವರ ಉರಿಯೂತದ ವಿವರಣೆಯನ್ನು ಕೆಳಗೆ ಚೌಕಟ್ಟಿನಲ್ಲಿ ಹಾಕಿದ್ದೇನೆ. ಹೊಟ್ಟೆಯುರಿ ಹಾಕಿಲ್ಲ.

ಅಕ್ಯೂಟ್‌ಗೂ ಕ್ರಾನಿಕ್‌ಗೂ ನಡುವಿನ ಸಬ್‌ಅಕ್ಯೂಟ್ ಎದುರು ಸದ್ಯಕ್ಕೆ ಖಾಲಿ ಇದೆ. ಕರಡು ತಿದ್ದಲು ಸೋಮವಾರದವರೆಗೆ ಸಮಯವಿದೆ. ಯಾರಿಗಾದರೂ ಹೊಳೆದರೆ ಬೇರೆ ಎಳೆ ಶುರು ಮಾಡಿ, ಇದರಲ್ಲೇ ಮುಂದುವರಿಸಬೇಡಿ.

— ಗಿ.ಹೆ.