ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಗುಲಾಮರು ಯಾರ ಕಡೆ ಇದ್ರು?

ಜಯನಗರ_ಓದುಗ:
ಎಲ್ರಿಗೂ ನಮಸ್ಕಾರ. ಕೆ.ಆರ್. ಮಾರ್ಕೆಟ್ ಹತ್ರ ಬೆಂಗಳೂರು ಕೋಟೆ ಇದ್ಯಲ್ಲ, 1791ರ ಮಾರ್ಚ್ 21ಕ್ಕೆ ಬ್ರಿಟಿಷರು ಗೋಡೆ ಒಡೆದು ಒಳಗೆ ನುಗ್ಗಿದ್ರು ಅಂತ ಅಲ್ಲೊಂದು ಕಲ್ಲಿದೆ. ಆ ಸೈನ್ಯ ನಡೆಸಿದ್ದು ಕಾರ್ನ್‌ವಾಲಿಸ್. ಅದೇ ಮನುಷ್ಯ ಹತ್ತು ವರ್ಷ ಮುಂಚೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾಗಿದ್ದ. ಅವನ ಬಗ್ಗೆ ಓದ್ತಾ ಹೋದಾಗ ಗೊತ್ತಾಗಿದ್ದು, ಅಮೆರಿಕದಲ್ಲಿ ಅವನ ಸೈನ್ಯದ ಹಿಂದೆ ಸಾವಿರಾರು ಗುಲಾಮರು ಯಜಮಾನರನ್ನ ಬಿಟ್ಟು ಓಡಿ ಬಂದಿದ್ರು ಅಂತ. ಎಲ್ಲ ಮನುಷ್ಯರೂ ಸಮಾನರು ಅಂತ ಘೋಷಣೆ ಮಾಡಿದ್ದು ಅಮೆರಿಕನ್ನರು, ಹಂಗಿದ್ಮೇಲೆ ಇವರು ಯಾಕೆ ಬ್ರಿಟಿಷರ ಹತ್ರ ಹೋದ್ರು? ಹೋದವರಿಗೆ ಬಿಡುಗಡೆ ಸಿಕ್ತಾ? ಸ್ಕೂಲಲ್ಲಿ ನಮಗೆ ಬೋಸ್ಟನ್ ಟೀ ಪಾರ್ಟಿ ಬಿಟ್ರೆ ಜಾಸ್ತಿ ಏನೂ ಹೇಳಿಕೊಡ್ಲಿಲ್ಲ.

ಮಲ್ಲೇಶ್ವರಂ_ಹಿಸ್ಟರಿ:
ಒಳ್ಳೆ ಪ್ರಶ್ನೆ ಸರ್. ಆ ಘೋಷಣೆ ಬರೆದ ಜೆಫರ್ಸನ್ನೂ ಗುಲಾಮರನ್ನ ಇಟ್ಕೊಂಡಿದ್ದ, ವಾಷಿಂಗ್ಟನ್ನೂ ಅಷ್ಟೆ. 1775ರ ನವೆಂಬರ್‌ನಲ್ಲಿ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಡನ್‌ಮೋರ್, ದಂಗೆ ಎದ್ದಿರೋ ಯಜಮಾನರ ಗುಲಾಮರು ಬಂದು ರಾಜನ ಸೈನ್ಯ ಸೇರಿದ್ರೆ ಬಿಡುಗಡೆ ಅಂತ ಸಾರಿಬಿಟ್ಟ. ರಾಜನಿಗೆ ನಿಷ್ಠೆಯಿಂದ ಇದ್ದವರ ಗುಲಾಮರಿಗೆ ಮಾತ್ರ ಅದು ಅನ್ವಯ ಆಗ್ತಿರ್ಲಿಲ್ಲ, ಡನ್‌ಮೋರ್ ಮನೇಲೂ ಗುಲಾಮರಿದ್ರು, ಅಂದ್ರೆ ಅವನಿಗೆ ಬೇಕಾಗಿದ್ದು ಸೈನಿಕರು. ಇದು ಗೊತ್ತಿದ್ದೂ ಜನ ಬಂದ್ರು, ಸಿಕ್ಕಿಬಿದ್ರೆ ಏನಾಗುತ್ತೆ ಅಂತ ಗೊತ್ತಿದ್ದೂ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಬಂದ್ರು. ಅವರದ್ದೇ ಇಥಿಯೋಪಿಯನ್ ರೆಜಿಮೆಂಟ್. ಡಿಸೆಂಬರ್ 9ರ ಗ್ರೇಟ್ ಬ್ರಿಡ್ಜ್ ಕದನದಲ್ಲಿ ಡನ್‌ಮೋರ್ ಸೋತ, ಆದ್ರೆ ಆ ರೆಜಿಮೆಂಟನ್ನ ಮುಗಿಸಿದ್ದು ಗುಂಡಿಗಿಂತ ಹೆಚ್ಚಾಗಿ ಸಿಡುಬು. 1776ರಲ್ಲಿ ಗ್ವಿನ್ಸ್ ದ್ವೀಪದಲ್ಲಿ ನೂರಾರು ಜನ ಸತ್ತುಹೋದ್ರು, ಅವರಲ್ಲಿ ಬಹಳಷ್ಟು ಜನರ ಹೆಸರೂ ಉಳಿದಿಲ್ಲ.

ವಿಜಯನಗರ_ರಘು:
ಎಲ್ರೂ ಬ್ರಿಟಿಷರ ಕಡೆಗೇ ಹೋದ್ರು ಅಂದ್ಕೋಬೇಡಿ. ಶುರುವಲ್ಲಿ ವಾಷಿಂಗ್ಟನ್ ಕಪ್ಪು ಜನರನ್ನ ಸೈನ್ಯಕ್ಕೆ ಸೇರಿಸ್ಕೊಳ್ಳೋದು ಬೇಡ ಅಂದಿದ್ದ, ಆಮೇಲೆ ಆಳು ಸಾಲದೆ ಮನಸ್ಸು ಬದಲಾಯ್ಸಿದ. 1778ರಲ್ಲಿ ರೋಡ್ ಐಲೆಂಡ್ ರಾಜ್ಯ, ಸೈನ್ಯ ಸೇರಿದ ಗುಲಾಮನಿಗೆ ಬಿಡುಗಡೆ, ಯಜಮಾನನಿಗೆ ಪರಿಹಾರ ಅಂತ ಕಾನೂನು ಮಾಡ್ತು, ಅದೇ ವರ್ಷ ಆಗಸ್ಟ್‌ನಲ್ಲಿ ಹಂಗೆ ಸೈನ್ಯ ಸೇರಿದವರು ರೋಡ್ ಐಲೆಂಡ್ ಕದನದಲ್ಲಿ ಗಟ್ಟಿಯಾಗಿ ನಿಂತ್ರು. ಜೇಮ್ಸ್ ಆರ್ಮಿಸ್ಟೆಡ್ ಅಂತೊಬ್ಬ ಗುಲಾಮ ಕಾರ್ನ್‌ವಾಲಿಸ್ ಪಾಳೆಯದೊಳಗೇ ಇದ್ಕೊಂಡು ಅಮೆರಿಕನ್ನರಿಗೆ ಸುದ್ದಿ ಮುಟ್ಟಿಸ್ತಿದ್ದ, ಅಂಥವನಿಗೂ ಯುದ್ಧ ಮುಗಿದ ತಕ್ಷಣ ಬಿಡುಗಡೆ ಸಿಗ್ಲಿಲ್ಲ, ಅರ್ಜಿ ಹಾಕಿ 1787ರವರೆಗೆ ಕಾಯ್ಬೇಕಾಯ್ತು. ನನಗೆ ತುಂಬ ಸಂಕಟ ಆಗೋದು ಇದನ್ನ ಓದಿದಾಗ.

ಜಯನಗರ_ಓದುಗ:
ಥ್ಯಾಂಕ್ಸ್ ಇಬ್ರಿಗೂ. ಹಂಗಾದ್ರೆ ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್ ಜೊತೆ ಇದ್ದವರು ಏನಾದ್ರು?

ಸವಿತಾ_ಬಸವನಗುಡಿ:
ಅದು ಬಹಳ ಕ್ರೂರ ಕಥೆ ಸರ್. ಮುತ್ತಿಗೆ ಬಿಗಿಯಾಗಿ ಆಹಾರ ಕಮ್ಮಿ ಆಗ್ತಿದ್ದಂಗೆ, ಕೋಟೆ ಕೊತ್ತಲ ಕಟ್ಟೋಕೆ ಮಣ್ಣು ಹೊತ್ತವರನ್ನೇ, ಸಿಡುಬು ಬಂದವರನ್ನೂ ಸೇರಿಸಿ, ಬ್ರಿಟಿಷರು ಹೊರಗೆ ಅಟ್ಟಿಬಿಟ್ರು. ಸುತ್ತಮುತ್ತ ಕಾಡಲ್ಲಿ ಎಷ್ಟೋ ಜನ ಸತ್ರು, ಬದುಕಿದ್ದವರಲ್ಲಿ ಎಷ್ಟೋ ಜನರನ್ನ ವಾಪಸ್ ಯಜಮಾನರಿಗೆ ಒಪ್ಪಿಸಲಾಯ್ತು. ಅದೇ ಕಾರ್ನ್‌ವಾಲಿಸ್ ಇಲ್ಲಿ ಗವರ್ನರ್ ಜನರಲ್ ಆಗಿ 1789ರಲ್ಲಿ ಬಂಗಾಳದಿಂದ ಹಡಗಲ್ಲಿ ಗುಲಾಮರನ್ನ ಸಾಗಿಸೋದಕ್ಕೆ ನಿಷೇಧ ಹಾಕ್ದ, ಆದ್ರೆ ದೇಶದ ಒಳಗಿನ ಗುಲಾಮಗಿರಿ ಹಂಗೇ ಇತ್ತು.

ಬ್ರಿಟಿಷರ ಹಿಡಿತದಲ್ಲಿದ್ದ ನ್ಯೂಯಾರ್ಕ್‌ಗೆ ಓಡಿಬಂದವರ ಕಥೆ ಬೇರೆ. 1779ರಲ್ಲಿ ಬ್ರಿಟಿಷ್ ಸೇನಾಪತಿ ಕ್ಲಿಂಟನ್ ಇನ್ನೊಂದು ಆಜ್ಞೆ ಹೊರಡಿಸಿದ್ದ, ಈ ಸಲ ಸೈನ್ಯ ಸೇರ್ಲೇಬೇಕು ಅಂತಿರ್ಲಿಲ್ಲ, ದಂಗೆಕೋರ ಯಜಮಾನನ್ನ ಬಿಟ್ಟು ಬಂದ್ರೆ ರಕ್ಷಣೆ. ಯುದ್ಧ ಮುಗಿದಾಗ ಬ್ರಿಟಿಷರು ಗುಲಾಮರನ್ನ ಕರ್ಕೊಂಡು ಹೋಗಬಾರದು ಅಂತ ಅಮೆರಿಕನ್ನರು ಒಪ್ಪಂದದಲ್ಲಿ ಬರೆಸಿದ್ರು. ಯಜಮಾನರು ನ್ಯೂಯಾರ್ಕ್‌ಗೇ ಬಂದು ಬೀದೀಲಿ ಜನರನ್ನ ಹಿಡಿಯೋಕೆ ಶುರು ಮಾಡಿದಾಗ ಊಟ ಸೇರ್ಲಿಲ್ಲ, ನಿದ್ದೆ ಬರ್ಲಿಲ್ಲ ಅಂತ ಹಂಗೆ ಓಡಿಬಂದು ಅಲ್ಲೇ ಇದ್ದ ಬೋಸ್ಟನ್ ಕಿಂಗ್ ಅನ್ನೋನು ತನ್ನ ಜೀವನಕಥೆಯಲ್ಲಿ ಬರೆದಿದ್ದಾನೆ. ಬ್ರಿಟಿಷ್ ದಂಡನಾಯಕ ಕಾರ್ಲ್‌ಟನ್ ಮಾತ್ರ, ಮಾತು ಕೊಟ್ಟಾಗಿದೆ, ವಾಪಸ್ ಕೊಡಲ್ಲ ಅಂತ ವಾಷಿಂಗ್ಟನ್ ಮುಂದೇನೇ ಹೇಳ್ದ. 1783ರಲ್ಲಿ ಹಡಗು ಹತ್ತಿದ ಸುಮಾರು 3000 ಜನರ ಹೆಸರು, ವಯಸ್ಸು, ಹಳೇ ಯಜಮಾನ ಯಾರು ಅಂತ ಒಂದು ದಾಖಲೆಯಲ್ಲಿ ಬರೆದಿಟ್ಟಿದಾರೆ. ಅದರಲ್ಲಿ ವಾಷಿಂಗ್ಟನ್ ತೋಟದಿಂದ ಓಡಿಬಂದ ಹ್ಯಾರಿ ವಾಷಿಂಗ್ಟನ್ ಹೆಸರೂ ಇದೆ.

ವಿಜಯನಗರ_ರಘು:
ಮೇಡಂ, ಹ್ಯಾರಿ ಆಮೇಲೆ ಏನಾದ?

ಸವಿತಾ_ಬಸವನಗುಡಿ:
ಕೆನಡಾದ ನೋವಾ ಸ್ಕೋಶಿಯಾಗೆ ಹೋದ. ಅಲ್ಲಿ ಹೇಳಿದ ಭೂಮಿ ಬಹಳ ಜನಕ್ಕೆ ಸಿಗ್ಲಿಲ್ಲ, ಸಿಕ್ಕಿದ್ದೂ ಬರೀ ಕಲ್ಲು. 1792ರಲ್ಲಿ 15 ಹಡಗಲ್ಲಿ ಸುಮಾರು 1200 ಜನ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೊರಟ್ರು, ಇವನೂ ಹೊರಟ. ಅಲ್ಲಿ ಆಡಳಿತ ನಡೆಸ್ತಿದ್ದ ಸಿಯೆರಾ ಲಿಯೋನ್ ಕಂಪನಿಯವರು ಭೂಮಿಗೆ ಕಂದಾಯ ಕಟ್ಟಿ ಅಂದ್ರು, ನಮ್ಮನ್ನ ನಾವೇ ಆಳ್ಕೋತೀವಿ ಅಂತ 1800ರಲ್ಲಿ ಜನ ದಂಗೆ ಎದ್ರು, ಆ ಗುಂಪಲ್ಲಿ ಹ್ಯಾರಿನೂ ಇದ್ದ. ದಂಗೆ ಅಡಗಿಸಿ ಅವನನ್ನ ನದಿಯಾಚೆ ಬುಲ್ಲೋಮ್ ತೀರಕ್ಕೆ ಗಡಿಪಾರು ಮಾಡಿದ್ರು.