2012ರ ಮ್ಯಾಕ್‌ಬುಕ್ ಪ್ರೋಗೆ ಓಪನ್‌ಕೋರ್ ಲೆಗಸಿ ಪ್ಯಾಚರ್: ಯಾವ ಆವೃತ್ತಿಗೆ ನಿಲ್ಲಿಸೋದು?

ಹಳೇಲ್ಯಾಪು

ನನ್ನದು 13 ಇಂಚಿನ ಮ್ಯಾಕ್‌ಬುಕ್ ಪ್ರೋ, 2012ರ ಮಧ್ಯದ ಮಾಡೆಲ್. ಐ5 ಪ್ರೊಸೆಸರ್, ಗ್ರಾಫಿಕ್ಸ್ ಇಂಟೆಲ್ ಎಚ್‌ಡಿ 4000. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದೇನೆ, ರ‍್ಯಾಮ್ 16 ಜಿಬಿ. ಮೆಷಿನ್ ಇನ್ನೂ ಗಟ್ಟಿಮುಟ್ಟಾಗಿದೆ. ಆದರೆ ಆಪಲ್ ಇದಕ್ಕೆ ಕೊಟ್ಟ ಕೊನೆಯ ಆವೃತ್ತಿ ಕ್ಯಾಟಲಿನಾ. ಕ್ರೋಮ್ ಅಪ್‌ಡೇಟ್ ನಿಂತುಹೋಗಿದೆ. ಬೇಕಾದ ಒಂದೆರಡು ಆ್ಯಪ್‌ಗಳು "ಹೊಸ ಮ್ಯಾಕ್ಓಎಸ್ ಬೇಕು" ಅಂತ ಇನ್‌ಸ್ಟಾಲೇ ಆಗೋದಿಲ್ಲ.

ಆಪಲ್ ಕೈಬಿಟ್ಟ ಹಳೇ ಮ್ಯಾಕ್‌ಗೂ ಹೊಸ ಮ್ಯಾಕ್ಓಎಸ್ ಹಾಕಿಕೊಡೋ ಓಪನ್‌ಕೋರ್ ಲೆಗಸಿ ಪ್ಯಾಚರ್ ಅನ್ನೋ ಆ್ಯಪ್ ಬಗ್ಗೆ ಓದಿದೆ. ಕ್ಯಾಟಲಿನಾ ಆದಮೇಲೆ ಬಂದ ಬಿಗ್ ಸರ್, ಮಾಂಟೆರೇ, ವೆಂಚುರಾ, ಸೊನೋಮಾ ದಾಟಿ ಸಿಕ್ವೋಯಾವರೆಗೂ ಹೋಗಬಹುದಂತೆ. ನನ್ನ ಪ್ರಶ್ನೆ: ನೇರವಾಗಿ ಸಿಕ್ವೋಯಾಗೇ ಹೋಗಲಾ? ಮೆಷಿನ್‌ನ ಫರ್ಮ್‌ವೇರ್‌ಗೆ (ಬೋರ್ಡ್‌ನಲ್ಲೇ ಇರೋ ಮೂಲ ಸಾಫ್ಟ್‌ವೇರ್) ಏನಾದರೂ ಆಗುತ್ತಾ? ಇಷ್ಟವಾಗದಿದ್ದರೆ ಹಿಂದಕ್ಕೆ ಬರಬಹುದಾ? ಬರವಣಿಗೆ, ಫೋಟೋ, ವಿಡಿಯೋ ಕಾಲ್, ಇಷ್ಟೇ ನನ್ನ ಕೆಲಸ.

ಪೆಂಗ್ವಿನ್‌ಸ್ನೇಹಿ

ಇಷ್ಟೇ ಕೆಲಸ ಅಂದ್ರೆ ಮ್ಯಾಕ್ಓಎಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿ, ಆರಾಮಾಗಿರಿ. ಪ್ಯಾಚೂ ಬೇಡ, ಪೇಚಾಟವೂ ಬೇಡ. ವೈಫೈಗೆ ಮಾತ್ರ ಬ್ರಾಡ್‌ಕಾಮ್ ಡ್ರೈವರ್ ಬೇರೆ ಹಾಕಬೇಕು.

ಎರಡನೇಬೂಟು

ಮಿಂಟ್ ಒಳ್ಳೇದೇ, ಆದರೆ ಅವರು ಕೇಳಿದ್ದು ಅದಲ್ಲ. ನಾನೂ ಇದೇ ಮಾಡೆಲ್ ಇಟ್ಟುಕೊಂಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲು ಭಯದ ವಿಷಯ. ಫರ್ಮ್‌ವೇರ್ ಅನ್ನು ಪ್ಯಾಚರ್ ಮುಟ್ಟೋದೇ ಇಲ್ಲ. ಡಿಸ್ಕ್‌ನ ಇಎಫ್ಐ ಅನ್ನೋ ಸಣ್ಣ ಪಾರ್ಟಿಷನ್‌ನಲ್ಲಿ ಓಪನ್‌ಕೋರ್ ಬೂಟ್‌ಲೋಡರ್ ಕೂರುತ್ತೆ, ಅಷ್ಟೇ. ಮ್ಯಾಕ್ಓಎಸ್‌ಗಿಂತ ಮೊದಲು ಅದು ಎದ್ದು, ಬೇಕಾದ ಡ್ರೈವರ್‌ಗಳನ್ನು ಮೆಮೊರಿಗೆ ಸೇರಿಸಿ, ಆಮೇಲೆ ಮ್ಯಾಕ್ಓಎಸ್ ಅನ್ನು ಎಬ್ಬಿಸುತ್ತೆ. ಬೇಡ ಅನಿಸಿದರೆ ಆಪ್ಷನ್, ಕಮಾಂಡ್, ಆರ್ ಮೂರನ್ನೂ ಒತ್ತಿ ಹಿಡಿದು ಇಂಟರ್‌ನೆಟ್ ರಿಕವರಿಗೆ ಹೋಗಿ, ಡಿಸ್ಕ್ ಅಳಿಸಿ, ಮತ್ತೆ ಕ್ಯಾಟಲಿನಾ ಹಾಕಬಹುದು. ಡೇಟಾ ಮಾತ್ರ ಮೊದಲೇ ಟೈಮ್ ಮಷಿನ್‌ಗೆ (ಮ್ಯಾಕ್‌ನದೇ ಬ್ಯಾಕಪ್) ಹಾಕಿಟ್ಟಿರಬೇಕು.

ಇನ್ನು ಆವೃತ್ತಿ. "ಹೋಗಬಹುದು" ಅಂದಮಾತ್ರಕ್ಕೆ "ಹೋಗಬೇಕು" ಅಂತಲ್ಲ. ಈ ಮೆಷಿನ್‌ಗೆ ಎರಡು ಗಡಿಗಳಿವೆ.

ಒಂದು ಗ್ರಾಫಿಕ್ಸ್. ಎಚ್‌ಡಿ 4000ದ ಡ್ರೈವರ್ ಬಿಗ್ ಸರ್‌ವರೆಗೆ ಸಿಸ್ಟಮ್ ಒಳಗೇ ಇತ್ತು. ಮಾಂಟೆರೇನಲ್ಲಿ ಆಪಲ್ ಅದನ್ನು ತೆಗೆದುಹಾಕಿತು. ಪ್ಯಾಚರ್ ಹಳೇ ಡ್ರೈವರ್ ತಂದು ಸಿಸ್ಟಮ್ ವಾಲ್ಯೂಮ್‌ಗೇ ಬರೆಯುತ್ತೆ. ರೂಟ್ ಪ್ಯಾಚ್ ಅನ್ನೋದು ಇದನ್ನೇ. ಬಿಗ್ ಸರ್‌ನಿಂದ ಆಚೆಗೆ ಆ ವಾಲ್ಯೂಮ್‌ನಲ್ಲಿ ಯಾರೂ ಏನೂ ಬದಲಿಸಿಲ್ಲ ಅಂತ ಖಾತ್ರಿಪಡಿಸೋ ಡಿಜಿಟಲ್ ಸೀಲ್ ಇರುತ್ತೆ, ಹಾಗಾಗಿ ಪ್ಯಾಚ್ ಬಿದ್ದ ಕೂಡಲೇ ಸೀಲ್ ಒಡೆಯುತ್ತೆ. ಸಿಸ್ಟಮ್ ಫೈಲ್‌ಗಳನ್ನು ಬದಲಿಸದಂತೆ ಕಾಯೋ ಎಸ್‌ಐಪಿ ಅನ್ನೋ ರಕ್ಷಣೆಯನ್ನೂ ಭಾಗಶಃ ಇಳಿಸಿಡಬೇಕಾಗುತ್ತೆ.

ಎರಡನೇದು ಪ್ರೊಸೆಸರ್. ನಮ್ಮದು ಇಂಟೆಲ್‌ನ ಐವಿ ಬ್ರಿಡ್ಜ್ ತಲೆಮಾರು. ಇದಕ್ಕೆ ಎವಿಎಕ್ಸ್2 (ಲೆಕ್ಕ ಬೇಗ ಮುಗಿಸೋ ಪ್ರೊಸೆಸರ್ ಆದೇಶಗಳ ಗುಂಪು) ಇಲ್ಲ, ಅದು ಬಂದಿದ್ದು ಮುಂದಿನ ತಲೆಮಾರಿಗೆ, 2013ರ ಹ್ಯಾಸ್ವೆಲ್‌ಗೆ. 2022ರ ವೆಂಚುರಾದಿಂದ ಇಂಟೆಲ್ ಮ್ಯಾಕ್‌ಗಳಿಗೆ ಬರುವ ಸಿಸ್ಟಮ್ ಲೈಬ್ರರಿಗಳೆಲ್ಲ ಎವಿಎಕ್ಸ್2 ಇದ್ದೇ ಇರುತ್ತೆ ಅಂತ ನಂಬಿಕೊಂಡು ತಯಾರಾದವು. ಮತ್ತೆ ಹೇಗೆ ಓಡುತ್ತೆ ಅಂತೀರಾ? ಎಂ1 ಮ್ಯಾಕ್‌ಗಳಲ್ಲಿ ಇಂಟೆಲ್ ಆ್ಯಪ್ ಓಡಿಸೋ ರೊಸೆಟಾಗೂ ಆಗ ಎವಿಎಕ್ಸ್2 ಬರ್ತಿರಲಿಲ್ಲ. ಅದಕ್ಕೋಸ್ಕರ ಆಪಲ್ ಎವಿಎಕ್ಸ್2 ಇಲ್ಲದ ಲೈಬ್ರರಿಗಳ ಇನ್ನೊಂದು ಕಟ್ಟು ಇಟ್ಟಿತ್ತು. ಪ್ಯಾಚರ್ ಬರೆದವರು ಅದನ್ನೇ ಎತ್ತಿ ನಮ್ಮ ಹಳೇ ಮೆಷಿನ್‌ಗೆ ಹಾಕಿದರು! ಹೊಸ ಮ್ಯಾಕ್‌ಗಾಗಿ ಮಾಡಿದ್ದು ಹದಿಮೂರು ವರ್ಷ ಹಳೇ ಮ್ಯಾಕ್‌ಗೆ ಜೀವ ಕೊಡ್ತಿದೆ. ಈ ಪ್ಯಾಚರ್‌ನಲ್ಲಿ ನನಗೆ ಅತಿ ಇಷ್ಟವಾದ ಜಾಣತನ ಇದು.

ಸಿಕ್ವೋಯಾಗೆ ಹೋದರೆ ಇದರ ಮೇಲೆ ಮೆಟಲ್ ಅನ್ನೋ ಆಪಲ್‌ನ ಗ್ರಾಫಿಕ್ಸ್ ವ್ಯವಸ್ಥೆಗಾಗಿ ಮತ್ತೊಂದು ತೇಪೆ ಬೀಳುತ್ತೆ. ಓಡುತ್ತೆ, ಸುಳ್ಳು ಹೇಳಲ್ಲ. ಆದರೆ ಆ ತೇಪೆಯಿಂದ ನಿಮಗೆ ಸಿಗೋದೇನು? ಬರವಣಿಗೆಗೂ ವಿಡಿಯೋ ಕಾಲ್‌ಗೂ ಏನೂ ಇಲ್ಲ. ನಾನಂತೂ ಸೊನೋಮಾದಲ್ಲಿ ನಿಂತಿದ್ದೇನೆ. ಓಡಾಟದಲ್ಲಿ ಮಾಂಟೆರೇ ಇನ್ನೂ ಹಗುರ, ಆದರೆ ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ 2024ಕ್ಕೇ ನಿಂತಿತು. ಬ್ಯಾಂಕಿನ ಕೆಲಸ ಮಾತ್ರ ಇದರಲ್ಲಿ ನಾನು ಮಾಡಲ್ಲ. ಸೀಲ್ ಒಡೆದ ಸಿಸ್ಟಮ್ ಅದು, ಫೋನಿದೆಯಲ್ಲ.

ಇನ್ನೊಂದು ಮಾತು. ಬ್ರೌಸರ್ ಒಂದೇ ತೊಂದರೆ ಅಂತಿದ್ದಿದ್ದರೆ ಈ ಗೋಜೇ ಬೇಡ ಅಂತಿದ್ದೆ. ಕ್ರೋಮ್ ಕೈಬಿಟ್ಟ ಮೇಲೂ ಫೈರ್‌ಫಾಕ್ಸ್ ಕ್ಯಾಟಲಿನಾಗೆ ಬರ್ತಾ ಇತ್ತು.

ಕಪ್ಪುಪರದೆ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು ವಿಂಡೋಸ್ ಲ್ಯಾಪ್‌ಟಾಪ್, 7ನೇ ತಲೆಮಾರಿನ ಐ5. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಹಾಕೋಣ ಅಂದ್ರೆ ಪ್ರೊಸೆಸರ್ ಹಳೇದು ಅಂತ ಬಿಡ್ತಿಲ್ಲ. ಅದಕ್ಕೂ ಇಷ್ಟೆಲ್ಲ ಸರ್ಕಸ್ ಬೇಕಾ?

ಎರಡನೇಬೂಟು

ಬೇಡ. ನಿಮ್ಮದು ಬಾಗಿಲಲ್ಲಿ ನಿಂತ ಕಾವಲುಗಾರನ ತಕರಾರು, ನಮ್ಮದು ಮನೆಯೊಳಗಿನ ಮೆಟ್ಟಿಲನ್ನೇ ಕಿತ್ತುಹಾಕಿದ ಕಥೆ. ವಿಂಡೋಸ್ 11 ಟಿಪಿಎಂ 2.0 (ಭದ್ರತಾ ಚಿಪ್), ಸೆಕ್ಯೂರ್ ಬೂಟ್, 8ನೇ ತಲೆಮಾರಿನ ಪ್ರೊಸೆಸರ್ ಅಂತ ಬಾಗಿಲಲ್ಲಿ ಕೇಳುತ್ತೆ. ಒಳಗೆ ಹೋದ ಮೇಲೆ ವಿಂಡೋಸ್ 10ರ ಡ್ರೈವರ್‌ಗಳೇ ಬಹುಪಾಲು ನಡೆಯುತ್ತವೆ. ರೂಫಸ್ ಅನ್ನೋ ಆ್ಯಪ್‌ನಲ್ಲಿ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡುವಾಗ ಆ ತಪಾಸಣೆ ತೆಗೆಯೋ ಆಯ್ಕೆಗೆ ಟಿಕ್ ಹಾಕಿದರೆ ಸಾಕು. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬರದೇ ಇರಬಹುದು. ಆಗ ಐಎಸ್ಒ (ಇನ್‌ಸ್ಟಾಲ್ ಫೈಲ್) ಇಳಿಸಿಕೊಂಡು ಮತ್ತೆ ಇದೇ ಕೆಲಸ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಎಸ್‌ಎಸ್‌ಇ 4.2 ಅನ್ನೋ ಆದೇಶಗಳ ಗುಂಪು ಇಲ್ಲದ ತೀರಾ ಹಳೇ ಪ್ರೊಸೆಸರ್‌ಗಳಿಗೆ ಮಾತ್ರ ಯಾವ ದಾರಿಯೂ ಇಲ್ಲ. ನಿಮ್ಮದರಲ್ಲಿ ಅದು ಇದೆ.

ಹಳೇಲ್ಯಾಪು

ಸೊನೋಮಾ ಅಂತಲೇ ಇಟ್ಟುಕೊಳ್ಳೋಣ. ಇನ್‌ಸ್ಟಾಲ್ ಮಾಡುವಾಗ ಎಲ್ಲಿ ಎಡವುತ್ತಾರೆ, ಅದನ್ನು ಹೇಳಿದ್ರೆ ಉಪಕಾರ.

ಎರಡನೇಬೂಟು

ಪೆನ್‌ಡ್ರೈವ್ 16 ಜಿಬಿ ಸಾಕು, ದೊಡ್ಡದಿದ್ದರೆ ಇನ್ನೂ ನಿಶ್ಚಿಂತೆ. ಪ್ಯಾಚರ್ ಆ್ಯಪೇ ಇನ್‌ಸ್ಟಾಲರ್ ಇಳಿಸಿ ಪೆನ್‌ಡ್ರೈವ್‌ಗೆ ಬರೆಯುತ್ತೆ. ಆಮೇಲೆ ಅದೇ ಪೆನ್‌ಡ್ರೈವ್‌ಗೆ ಓಪನ್‌ಕೋರ್ ಹಾಕೋದು ಬೇರೆ ಹೆಜ್ಜೆ. ಜನ ಇದನ್ನು ಮರೀತಾರೆ.

ಬೂಟ್ ಮಾಡುವಾಗ ಆಪ್ಷನ್ ಕೀ ಒತ್ತಿ ಹಿಡೀರಿ. ಡಿಸ್ಕ್‌ಗಳ ಸಾಲಿನಲ್ಲಿ ಇನ್‌ಸ್ಟಾಲರ್ ಕಾಣಿಸುತ್ತೆ, ಅದನ್ನು ಒತ್ತಬೇಡಿ. ಒತ್ತಿದರೆ ವೃತ್ತಕ್ಕೆ ಅಡ್ಡಗೆರೆ ಎಳೆದ ಚಿಹ್ನೆ ಬಂದು ನಿಲ್ಲುತ್ತೆ. ಮೊದಲು "ಇಎಫ್ಐ ಬೂಟ್" ಆರಿಸಿ. ಅಲ್ಲಿಂದ ಓಪನ್‌ಕೋರ್‌ನ ಸ್ವಂತ ಮೆನು ತೆರೆಯುತ್ತೆ, ಇನ್‌ಸ್ಟಾಲರ್ ಅನ್ನು ಅಲ್ಲಿ ಆರಿಸಿ. ಇನ್‌ಸ್ಟಾಲ್ ಆಗುವಾಗ ಮೆಷಿನ್ ನಾಲ್ಕಾರು ಸಲ ತಾನೇ ರೀಸ್ಟಾರ್ಟ್ ಆಗುತ್ತೆ. ಗಾಬರಿ ಬೇಡ.

ಡೆಸ್ಕ್‌ಟಾಪ್ ಬಂದ ಮೇಲೆ ನೋಡಬೇಕು ಅವತಾರ! ಕಿಟಕಿ ಎಳೆದರೆ ಹಿಂದೆ ಹಿಂದೆ ತೇಲಿಕೊಂಡು ಬರುತ್ತೆ, ಡಾಕ್ ಪಾರದರ್ಶಕ ಅಲ್ಲವೇ ಅಲ್ಲ, ಸಿಸ್ಟಮ್ ಮಾಹಿತಿಯಲ್ಲಿ ಗ್ರಾಫಿಕ್ಸ್ ಮೆಮೊರಿ ಅಂತ ಬೆರಳಲ್ಲಿ ಎಣಿಸುವಷ್ಟು ಎಂಬಿ ತೋರಿಸುತ್ತೆ. ಎಷ್ಟೋ ಜನ ಇಲ್ಲಿಗೇ "ಆಗಲ್ಲ ಇದು" ಅಂತ ಬಿಟ್ಟುಬಿಡ್ತಾರೆ. ರೂಟ್ ಪ್ಯಾಚ್ ಇನ್ನೂ ಬಿದ್ದಿಲ್ಲ, ಅಷ್ಟೇ. ಪ್ಯಾಚ್ ಹಾಕಿ ರೀಸ್ಟಾರ್ಟ್ ಮಾಡಿ. ಅದೇ ಜಾಗದಲ್ಲಿ 1536 ಎಂಬಿ ಅಂತ ಬರುತ್ತೆ, ಕಿಟಕಿ ಕೈಯ ಜೊತೆಗೇ ಓಡುತ್ತೆ.

ಸೊನೋಮಾದಲ್ಲಿ ಹಳೇ ವೈಫೈ ಡ್ರೈವರ್‌ಗಳೂ ಹೋಗಿವೆ. ಪ್ಯಾಚ್ ಹಾಕುವಾಗ ಕೆಲವು ಫೈಲ್‌ಗಳನ್ನು ನೆಟ್‌ನಿಂದ ಇಳಿಸಬೇಕು, ವೈಫೈ ಬರೋಕೆ ಪ್ಯಾಚ್ ಬೇಕು. ಒಳ್ಳೇ ಇಕ್ಕಟ್ಟು ಅಲ್ವಾ? ನಮ್ಮ ಮಾಡೆಲ್‌ಗೆ ಎತರ್ನೆಟ್ ಪೋರ್ಟ್ ಇರೋದು ಪುಣ್ಯ. ಕೇಬಲ್ ಹತ್ತಿರ ಇಟ್ಟುಕೊಳ್ಳಿ.

ಎಲ್ಲ ಮುಗಿದ ಮೇಲೆ ಓಪನ್‌ಕೋರ್ ಅನ್ನು ಒಳಗಿನ ಡಿಸ್ಕ್‌ಗೂ ಹಾಕಿ. ಇಲ್ಲದಿದ್ದರೆ ಪೆನ್‌ಡ್ರೈವ್ ಕಿತ್ತ ದಿನ ಮೆಷಿನ್ ಏಳೋದಿಲ್ಲ.

ಆಟೊಮ್ಯಾಟಿಕ್ ಅಪ್‌ಡೇಟ್ ಮೊದಲೇ ಆಫ್ ಮಾಡಿ. ಪ್ರತಿ ಸಿಸ್ಟಮ್ ಅಪ್‌ಡೇಟ್‌ಗೂ ರೂಟ್ ಪ್ಯಾಚ್ ಅಳಿಸಿಹೋಗುತ್ತೆ. ಅದೂ ಚಿಕ್ಕ ಫೈಲ್ ಅಲ್ಲ, ಪೂರ್ತಿ ಸಿಸ್ಟಮ್ಮೇ ಮತ್ತೆ ಇಳಿಯುತ್ತೆ. ಮೊದಲು ಪ್ಯಾಚರ್ ಆ್ಯಪ್ ಅಪ್‌ಡೇಟ್ ಮಾಡಿ, ಓಪನ್‌ಕೋರ್ ಮತ್ತೆ ಹಾಕಿ, ಆಮೇಲೆ ಮ್ಯಾಕ್ಓಎಸ್ ಅಪ್‌ಡೇಟ್, ಕೊನೆಗೆ ಮತ್ತೆ ರೂಟ್ ಪ್ಯಾಚ್. ಕೆಲಸದ ಒತ್ತಡ ಇರೋ ದಿನ ಮುಟ್ಟಲೇಬೇಡಿ.

ಪೆಂಗ್ವಿನ್‌ಸ್ನೇಹಿ

ಇಷ್ಟೆಲ್ಲ ಮಾಡಿದರೂ ಎಷ್ಟು ದಿನ? ಇಂಟೆಲ್ ಮ್ಯಾಕ್‌ಗಳಿಗೆ ಸಿಕ್ವೋಯಾ ನಂತರದ ಟಾಹೋನೇ ಕೊನೆ ಅಂತ ಆಪಲ್ 2025ರಲ್ಲೇ ಹೇಳಿಯಾಗಿದೆ.

ಎರಡನೇಬೂಟು

ಅದು ನಿಜ, ನಿಮ್ಮ ಮಾತು ಒಪ್ಪಿದೆ. ಇಂಟೆಲ್‌ಗೆ ಸಿಸ್ಟಮ್ಮೇ ಬರದ ಮೇಲೆ ಯಾವ ಪ್ಯಾಚರ್ರೂ ಏನೂ ಮಾಡೋಕಾಗಲ್ಲ. ಆ ಹೊತ್ತಿಗೆ ನಾನೂ ಮಿಂಟ್‌ಗೇ ಬರ್ತೀನಿ, ಆ ಬ್ರಾಡ್‌ಕಾಮ್ ಡ್ರೈವರ್ ವಿಷಯ ನಿಮ್ಮನ್ನೇ ಕೇಳ್ತೀನಿ.

ಹಳೇಲ್ಯಾಪು

ಪೆನ್‌ಡ್ರೈವ್ ರೆಡಿ ಮಾಡಿ ಶುರು ಮಾಡಿದೆ. ಇನ್‌ಸ್ಟಾಲ್ ಅರ್ಧಕ್ಕೆ ಬಂದು ನಿಲ್ಲುತ್ತೆ. ಒಮ್ಮೊಮ್ಮೆ ಡಿಸ್ಕ್ ಯುಟಿಲಿಟಿಯಲ್ಲಿ ಒಳಗಿನ ಎಸ್‌ಎಸ್‌ಡಿ ಕಾಣೋದೇ ಇಲ್ಲ. ಪ್ಯಾಚರ್ ತಪ್ಪಾ?

ಎರಡನೇಬೂಟು

ಪ್ಯಾಚರ್ ಮೇಲೆ ಅನುಮಾನ ಬೇಡ. ಡಿಸ್ಕ್ ಅನ್ನು ಬೋರ್ಡ್‌ಗೆ ಜೋಡಿಸೋ ಚಪ್ಪಟೆ ಸಾಟಾ ಕೇಬಲ್ ನೋಡಿ. ಇಷ್ಟು ವಯಸ್ಸಾದ ಮೆಷಿನ್‌ನಲ್ಲಿ ಅದು ಮಡಿಕೆ ಬಿದ್ದ ಕಡೆ ಸವೆದಿರುತ್ತೆ. ಎಸ್‌ಎಸ್‌ಡಿ ಬಿಚ್ಚಿ ಯುಎಸ್‌ಬಿ ಕೇಸ್‌ಗೆ ಹಾಕಿ, ಹೊರಗಿನಿಂದಲೇ ಇನ್‌ಸ್ಟಾಲ್ ಮಾಡಿ ನೋಡಿ. ಅಲ್ಲಿ ಸರಾಗವಾಗಿ ಮುಗಿದರೆ ಡಿಸ್ಕ್ ಸರಿಯಿದೆ, ಕೇಬಲ್ ಬದಲಿಸಿ. ತಗೊಳ್ಳುವಾಗ ಇದೇ 13 ಇಂಚಿನ 2012 ಮಾಡೆಲ್‌ದೇ ಕೇಳಿ, 15 ಇಂಚಿನದು ಕೂರಲ್ಲ.