ಊರಾಗ ಹುಡುಗೂರ ಆಟಕ್ಕ ಮೈದಾನ ಮಾಡಿ ನಡಸ್ಕೊಂಡ ಬಂದವ್ರು ಅನುಭವ ಹೇಳ್ರಿ

ಬೈಲಹೊಂಗಲ ಕಡೆಯಿಂದ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದೊಂದು ಸಣ್ಣ ಯುವಕ ಸಂಘ ಐತಿ, ಗಣಪತಿ ಇಡೂದು, ರಕ್ತದಾನ ಶಿಬಿರ ಇಷ್ಟ ಮಾಡ್ಕೋತ ಬಂದೀವಿ. ಊರ ಹೊರಗ 2 ಎಕರೆ ಗಾಯರಾಣ (ದನ ಮೇಯಿಸಾಕ ಬಿಟ್ಟ ಸರ್ಕಾರಿ) ಜಾಗ ಐತಿ, ಅಲ್ಲೆ ವಾಲಿಬಾಲ್, ಕಬಡ್ಡಿ ಅಂಕಣ, ಒಂದು ಜಿಮ್ ಖೋಲಿ ಮಾಡ್ಕೋರಿ ಅಂತ ಪಂಚಾಯ್ತಿಯವ್ರು ಬಾಯಿಮಾತಿಲೆ ಅಂದಾರ. ಜಾತ್ರ್ಯಾಗ ಪಟ್ಟಿ (ವಂತಿಗಿ) ಹಾಕಿ 3 ಲಕ್ಷ ಕೂಡಸೀವಿ. ಸಂಜಿ ಆತಂದ್ರ ಹುಡುಗೂರು ಬಸ್ ಸ್ಟ್ಯಾಂಡ್ ಕಟ್ಟಿ ಮ್ಯಾಲ ಮೊಬೈಲ್ ಹಿಡ್ಕೊಂಡ ಕುಂಡ್ರತಾರ, ನೋಡಿ ಸಂಕಟ ಆಕ್ಕೈತಿ. ಮೊದ್ಲ ಏನ್ ಮಾಡಬೇಕು, ಕಟ್ಟಿದ್ದು ಎರಡ ವರ್ಷಕ್ಕ ಹಾಳ ಬೀಳಬಾರ್ದು ಅಂದ್ರ ಹೆಂಗ? ಮಾಡಿ ನೋಡಿದವ್ರು ಹೇಳ್ರಿ.

ಬೀಳಗಿ ಕಡೆಯಿಂದ:
ಅಣ್ಣಾರ, ನಮ್ಮದು ಆಲಮಟ್ಟಿ ಹಿನ್ನೀರಿಗೆ ಮುಳುಗಿ ಮ್ಯಾಲ ಎದ್ದು ಬಂದ ಊರು, ಪುನರ್ವಸತಿ ಕೇಂದ್ರ. ನಕಾಶೆದಾಗ ಮೈದಾನಕ್ಕಂತ ಜಾಗ ಬಿಟ್ಟಿದ್ರು, ಆದ್ರ ನಾವು ಕೈ ಹಚ್ಚೂತನಕ ಅಲ್ಲೆ ಜಾಲಿಕಂಟಿ ಅಷ್ಟ ಇತ್ತು. ನಮ್ಮ ಎರಡ ತಪ್ಪು ಹೇಳ್ತೀನಿ, ನೀವು ಮಾಡಬ್ಯಾಡ್ರಿ.

ಒಂದು, ಕಾಂಕ್ರೀಟ್. ಬ್ಯಾಸಗ್ಯಾಗ ಎರಿ (ಕಪ್ಪ ಮಣ್ಣಿನ) ನೆಲ ಕಲ್ಲಿನಂಗ ಗಟ್ಟಿ ಇರತೈತಿ, ಅದನ್ನ ನಂಬಿ ಸೀದಾ ಅದರ ಮ್ಯಾಲ ನಾಲ್ಕ ಇಂಚ ಕಾಂಕ್ರೀಟ್ ಹಾಕಿಸಿ ವಾಲಿಬಾಲ್ ಅಂಕಣ ಮಾಡಿದ್ವಿ, ಕೂಡಿಟ್ಟ ರೊಕ್ಕದಾಗ ಅರ್ಧಕ್ಕಿಂತ ಹೆಚ್ಚ ಅದಕ್ಕ ಹೋತು. ಮಳಿಗಾಲ ಬಂತು, ಎರಿ ನೀರ ಕುಡದು ಉಬ್ಬಿತು, ಆಮ್ಯಾಲ ಒಣಗಿ ಕುಂತಿತು, ದೀಪಾವಳಿ ಹೊತ್ತಿಗೆ ನೆಟ್ಟಿನ ಕಂಬದ ಬುಡದಿಂದ ಸುರು ಆಗಿ ಅಡ್ಡಡ್ಡ ಸೀಳಿತು. ಒಂದ ಕಡೆ ನನ್ನ ಬೆರಳ ಪೂರಾ ಒಳಗ ಹೋಗ್ತಿತ್ತು. ಒಬ್ಬ ಹುಡುಗನ ಕಾಲ ಅದರಾಗ ಸಿಕ್ಕು ಉಳುಕಿ ಆರ ವಾರ ಮನ್ಯಾಗ ಕುಂತ, ಅವ್ರ ಅವ್ವನ ಮುಂದ ನಿಂತು ಮಾತಾಡಾಕ ನಮ್ಗ ಬಾಯಿ ಬರ್ಲಿಲ್ಲ. ಮುಂದ ಅದನ್ನೆಲ್ಲಾ ಕಿತ್ತು, ಎರಿ ತಗದು ಮುರುಮ (ಗರಸು ಮಣ್ಣು) ಹಾಕಿ ಮಾಡೀವಿ, ಅದು ಇವತ್ತಿಗೂ ಗಟ್ಟಿ ಐತಿ. ಅಂಕಣ 18 ಮೀಟರ್ ಉದ್ದ 9 ಮೀಟರ್ ಅಗಲ ಖರೆ, ಆದ್ರ ಸುತ್ತಲೂ 3 ಮೀಟರ್ ಖಾಲಿ ಬಿಡಬೇಕು, ಅಂದ್ರ 24ಕ್ಕ 15 ಮೀಟರ್ ಜಾಗಕ್ಕ ಮುರುಮ ಲೆಕ್ಕಾ ಹಾಕ್ರಿ. ನಾವು ಮೊದ್ಲ ಬರೇ ಅಂಕಣಕ್ಕ ಲೆಕ್ಕಾ ಹಾಕಿದ್ವಿ.

ಎರಡನೇದು ಕೀಲಿ. ಇದನ್ನ ಸಣ್ಣ ಮಾತು ಅನ್ಕೋಬ್ಯಾಡ್ರಿ, ನನ್ನ ಕೇಳಿದ್ರ ಕಟ್ಟೂಕಿಂತ ಮೊದ್ಲ ಇದನ್ನ ನಿಕ್ಕಿ ಮಾಡ್ಬೇಕು. ನಮ್ಮ ಅಧ್ಯಕ್ಷ ಕೆಲಸಕ್ಕಂತ ಪುಣೆಕ ಹೋದ, ಜಿಮ್ ಖೋಲಿ ಕೀಲಿ ಅವ್ರ ಮನ್ಯಾಗ ಉಳೀತು, ಮನಿಯವ್ರು ಹೊಲಕ್ಕ ಹೋದ್ರ ಕೀಲಿ ಸಿಗಂಗಿಲ್ಲ. ಹುಡುಗೂರು ಮೂರ ದಿನ ಬಂದು ಬಾಗಲಾ ನೋಡಿ ತಿರುಗಿ ಹೋದ್ರು, ನಾಲ್ಕನೇ ದಿನ ಬರ್ಲಿಲ್ಲ. ಆ ನಾಲ್ಕನೇ ದಿನ ಹೋದವ್ರನ್ನ ಮತ್ತ ಕರಕೊಂಡ ಬರಾಕ ನಮ್ಗ ಒಂದ ವರ್ಷ ಹಿಡೀತು. ಈಗ ಒಂದ ಕೀಲಿ ನಿವೃತ್ತ ಪಿ.ಟಿ. ಮಾಸ್ತರ ಹತ್ರ, ಇನ್ನೊಂದು ಎದುರಿಗೆ ಮಿರ್ಚಿ ಭಜಿ ಅಂಗಡಿ ಇಟ್ಟ ಅಕ್ಕಾರ ಹತ್ರ. ಅಕ್ಕಾರು ಗಲ್ಲೆದ ಬಾಜೂಕ ಒಂದ ನೋಟ್‌ಬುಕ್ ಇಟ್ಟಾರ, ಚೆಂಡ ಯಾರ ಒಯ್ದ್ರು, ಎಷ್ಟೊತ್ತಿಗೆ ತಂದ ಕೊಟ್ರು ಎಲ್ಲಾ ಬರೀತಾರ, ಪುಟದ ಮ್ಯಾಲ ಎಣ್ಣಿ ಬೆರಳಿನ ಗುರುತು ಇರ್ತಾವು. ಆ ನೋಟ್‌ಬುಕ್ ಬಂದ ಮ್ಯಾಲ ಒಂದೂ ಚೆಂಡ ಕಳದಿಲ್ರಿ.

ರೊಕ್ಕದ್ದು: ಕಸ ಹೊಡಿಯೂದು, ನೀರ ಹೊಡಿಯೂದು, ಕರೆಂಟ್, ಚೆಂಡು, ನೆಟ್, ಗೆರಿ ಹಾಕೂ ಸುಣ್ಣ ಎಲ್ಲಾ ಹಿಡದು ನಮ್ಗ ತಿಂಗಳಿಗೆ ಏಳೆಂಟ ಸಾವಿರ ಬೇಕು. ಅದರಾಗ ಅರ್ಧ ರೊಕ್ಕ ಮನಿಗೆ 100 ರೂಪಾಯಿ ಪಟ್ಟಿಯಿಂದ ಬರತೈತಿ, ಉಳಿದದ್ದು ನಮ್ಮಲ್ಲೆ ಆಡಿ ಪೊಲೀಸು, ಮಿಲ್ಟ್ರಿ ಸೇರಿದ ಹುಡುಗೂರು ಕಳಸ್ತಾರ. ನಿಮ್ಮ 3 ಲಕ್ಷದಾಗ ಎರಡ ಲಕ್ಷ ಅಷ್ಟ ಕಟ್ಟಾಕ ಹಚ್ರಿ, ಒಂದ ಲಕ್ಷ ಮುಟ್ಟಬ್ಯಾಡ್ರಿ, ಅದು ಮೊದಲನೇ ವರ್ಷ ನಡಸೂ ಖರ್ಚು.

ವಿಜಯಪುರದಿಂದ:
ನಾ ಒಂದು ಸಂಸ್ಥೆದ ಖಜಾಂಚಿ, ಕಾಗದಪತ್ರದ ಮಾತ ಅಷ್ಟ ಹೇಳ್ತೀನ್ರಿ. ಗಾಯರಾಣ ಅಂದ್ರ ಸರ್ಕಾರದ ಜಾಗ, ಪಂಚಾಯ್ತಿಯವ್ರು ಬಾಯಿಲೆ ಅಂದ್ರ ಅದು ನಿಮ್ಮ ಕೈಗೆ ಬರಂಗಿಲ್ಲ. ಗ್ರಾಮಸಭೆದಾಗ ಠರಾವು ಮಾಡಸ್ರಿ, ಅದನ್ನ ಹಿಡ್ಕೊಂಡು ತಹಶೀಲ್ದಾರ್ ಆಫೀಸಿಗೆ ಅರ್ಜಿ ಕೊಡ್ರಿ, 1964ರ ಭೂ ಕಂದಾಯ ಕಾಯ್ದೆ 71ನೇ ಕಲಮಿನಾಗ ಸಾರ್ವಜನಿಕ ಉದ್ದೇಶಕ್ಕ ಜಾಗ ಕಾದಿರಿಸೂ ಅಧಿಕಾರ ಡಿಸಿ ಸಾಹೇಬ್ರಿಗೆ ಅದ. ಉತಾರದಾಗ (ಪಹಣಿ) ಮೈದಾನ ಅಂತ ಬರೂತನಕ ಗ್ವಾಡಿ ಏಳಸಬ್ಯಾಡ್ರಿ, ನೆಲಾ ಸಪಾಟ ಮಾಡ್ಕೊಂಡು ಆಡ್ಕೋತ ಇರ್ರಿ, ನಾಳೆ ಯಾರರ ತಕರಾರು ತಗದ್ರ ನಿಮ್ಮ ರೊಕ್ಕ ಮಣ್ಣಾಗ ಹೋಗ್ತದ.

ಸಂಘ ನೋಂದಣಿ ಆಗಿಲ್ಲಾಂದ್ರ ಈಗ ಮಾಡಸ್ರಿ, 1960ರ ಸಂಘಗಳ ನೋಂದಣಿ ಕಾಯ್ದೆಕ್ಕ ಕನಿಷ್ಠ 7 ಮಂದಿ ಸಾಕು. ಆಗಿತ್ತಂದ್ರ ವರ್ಷಾ ವರ್ಷಾ ಆಡಿಟ್ ಮಾಡಿದ ಲೆಕ್ಕ, ಪದಾಧಿಕಾರಿಗಳ ಪಟ್ಟಿ ಕೊಟ್ಟೀರೇನು ನೋಡ್ರಿ, ನಮ್ಮವ್ರು ಐದ ವರ್ಷ ಕೊಟ್ಟಿದ್ದಿಲ್ಲ, ದಂಡ ತುಂಬಿ ಎಲ್ಲಾ ಸರಿ ಮಾಡೂದ್ರಾಗ ಒಂದ ಅನುದಾನ ಕೈ ತಪ್ಪಿ ಹೋತು. ಸಕ್ಕರಿ, ಸಿಮೆಂಟ್ ಫ್ಯಾಕ್ಟರಿಯವ್ರ ಸಿಎಸ್‌ಆರ್ (ಕಂಪನಿಯವ್ರು ಸಮಾಜದ ಕೆಲಸಕ್ಕ ಕೊಡೂ) ರೊಕ್ಕ ಕೇಳಾಕ ಹೋಗೂದಿದ್ರ ಆದಾಯ ತೆರಿಗೆ ಇಲಾಖೆದ 12ಎ, 80ಜಿ ನೋಂದಣಿ ಬೇಕು, 2021ರ ಏಪ್ರಿಲ್‌ದಿಂದ ಸಿಎಸ್‌ಆರ್-1 ಅನ್ನೂ ನೋಂದಣಿ ನಂಬರೂ ಬೇಕು, ಅಂಥಾದ ಕೆಲಸ ಮೂರ ವರ್ಷ ಮಾಡಿದ್ದೂ ತೋರಸಬೇಕು. ಅದಕ್ಕ ಇವತ್ತಿನಿಂದ ಫೋಟೋ, ಹಾಜರಿ, ಪಾವತಿ ಎಲ್ಲಾ ಇಟ್ಕೋರಿ. ಬೀಳಗಿಯವ್ರು ಹೇಳಿದ ಭಜಿ ಅಂಗಡಿ ನೋಟ್‌ಬುಕ್ ಅದ ನೋಡ್ರಿ, ಅದೂ ಒಂದ ದಾಖಲೆನ ರಿ.

ಅಥಣಿ ಕಡೆಯಿಂದ:
ಅಣ್ಣಾರ, ಎಲ್ಲಾರೂ ಹುಡುಗೂರು ಹುಡುಗೂರು ಅಂತೀರಿ, ಹುಡಿಗ್ಯಾರನ್ನ ಮೊದಲನೇ ದಿನದಿಂದ ಲೆಕ್ಕಕ್ಕ ಹಿಡೀರಿ. ನಮ್ಮೂರಾಗ ಮೈದಾನ ಚಲೋನ ಮಾಡಿದ್ರು, ಒಬ್ಬಕಿ ಹುಡುಗಿ ಬರ್ಲಿಲ್ಲ. ನಾ ಮನಿ ಮನಿಗೆ ಹೋಗಿ ಕೇಳಿದ್ರ ಎಲ್ಲಾ ತಾಯಂದಿರು ಹೇಳಿದ್ದು ಎರಡ ಮಾತು, ಪಾಯಖಾನಿ ಇಲ್ಲ, ತಿರುಗಿ ಬರೂ ದಾರ್ಯಾಗ ಬೆಳಕಿಲ್ಲ. ಜಿಮ್ಮಿಗಿಂತ ಮೊದ್ಲ ನೀರಿರೂ ಒಂದ ಪಾಯಖಾನಿ ಕಟ್ಟಸ್ರಿ, ದಾರಿಗೆ ಎರಡ ಲೈಟ್ ಹಾಕಸ್ರಿ. ಸಂಜಿ 5ರಿಂದ ಆರೂವರಿತನಕ ಹುಡಿಗ್ಯಾರದಷ್ಟ ಅಂತ ಬೋರ್ಡ್ ಬರಸಿ, ಆ ಹೊತ್ತಿಗೆ ಇಬ್ಬರು ತಾಯಂದಿರು ಬಂದು ಕುಂಡ್ರೂ ಹಂಗ ಮಾಡೀವಿ. ಇನ್ನೊಂದು, ನೆಟ್ಟಿನ ಕಂಬಕ್ಕ ಎರಡ ಕೊಂಡಿ ಬೆಸಿಗಿ ಹಾಕಸ್ರಿ, ಗಂಡಸೂರಿಗೆ 2.43 ಮೀಟರ್, ಹೆಂಗಸೂರಿಗೆ 2.24. ನಮ್ಮಲ್ಲೆ ಮೇಲಿನ ಕೊಂಡಿ ಒಂದ ಇತ್ತು, ಹುಡಿಗ್ಯಾರು ದಿನಾ ಜಿಗದು ಜಿಗದು ಸಾಕಾಗಿ ಬರೂದ ಬಿಟ್ಟಿದ್ರು. ಒಂದ ಕಬ್ಬಿಣದ ಕೊಂಡಿ ಇಲ್ದ ಒಂದ ತಂಡ ಚದುರಿ ಹೋಗಿತ್ತು, ನನಗ ಅದು ಈಗೂ ಹಳಹಳಿ ಐತಿ.

ಮುಧೋಳದಿಂದ:
ಊರಾಗ ಹಳೇ ಗರಡಿ ಮನಿ ಐತೇನ್ರಿ? ಇದ್ರ ಹೊಸಾ ಜಿಮ್ ಖೋಲಿ ಬ್ಯಾಡ, ಅದನ್ನ ಎಬ್ಬಸ್ರಿ. ಕೆಂಪ ಮಣ್ಣ ಸೋಸಿ, ಮಜ್ಜಿಗಿ, ಎಣ್ಣಿ, ಅರಿಶಿಣ, ಲಿಂಬಿಹಣ್ಣ ಹಾಕಿ ಹದಾ ಮಾಡಿದ್ರ ಅಖಾಡ ತಯಾರ. ಮೊದ್ಲ ನಮ್ಮಲ್ಲೆ ಆರ ಹುಡುಗೂರು ಬರ್ತಿದ್ರು, ಹಿರ್ಯಾರು ಬಂದು ಡಾವು (ಕುಸ್ತಿ ಪಟ್ಟು) ಹೇಳಿಕೊಡಾಕ ಹತ್ತಿದ ಮ್ಯಾಲ ಮೂವತ್ತ ಆಗ್ಯಾರ.

ಬೈಲಹೊಂಗಲ ಕಡೆಯಿಂದ:
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಗರಡಿ ಮನಿ ಐತಿ, ಈಗ ಅದರಾಗ ಹೊಟ್ಟು ತುಂಬ್ಯಾರ, ಹಿರ್ಯಾರ ಜೋಡಿ ಮಾತಾಡ್ತೀನಿ. ಕೊಂಡಿ, ಪಾಯಖಾನಿ ಎರಡೂ ಬರ್ಕೊಂಡೆ ಅಕ್ಕಾರ. ಠರಾವಿಗೆ ಮುಂದಿನ ಗ್ರಾಮಸಭೆಕ್ಕ ಹೋಗ್ತೀವಿ. ಬೀಳಗಿ ಅಣ್ಣಾರ, ನಮ್ಮದೂ ಎರೀನ, ಎಷ್ಟ ಆಳ ತಗದ್ರಿ?

ಬೀಳಗಿ ಕಡೆಯಿಂದ:
ಎರಡ ಫೂಟ ತಗದ್ವಿ. ಮುರುಮ ಒಮ್ಮೆಲೆ ಸುರೀಬ್ಯಾಡ್ರಿ, ಆರ ಇಂಚ ಹಾಕೂದು, ನೀರ ಹೊಡಿಯೂದು, ರೋಲರ್ ಹೊಡಿಯೂದು, ಆಮ್ಯಾಲ ಮುಂದಿನ ಪದರ. ಮ್ಯಾಲ ಮೀಟರಿಗೆ 5 ಮಿಲಿಮೀಟರ್ ಇಳಿಜಾರ ಇಡ್ರಿ, ನೀರ ನಿಂದ್ರಂಗಿಲ್ಲ, ಸುತ್ತ ಕಾಲುವಿ ತಗೀರಿ. ಮಳಿಗಿಂತ ಮೊದ್ಲ ಮುಗಸ್ರಿ, ರೋಲರ್ ಸಿಗದಿದ್ರ ಹೇಳ್ರಿ, ನಮ್ಮ ಕಡೆ ಕಲ್ಲಿಂದ ಐತಿ, ಟ್ರ್ಯಾಕ್ಟರಿನ್ಯಾಗ ಹೇರಿ ಕಳಸ್ತೀವಿ.